ಕಲ್ಲಿನ ಮೇಲೆ ಒಂದು ಹನಿ ಆಸಿಡ್: ನೊರೆ ಯಾಕೆ ಬರುತ್ತೆ, ನನ್ನ ಅನುಭವ

ಕಲ್ಲು ಗುರುತಿಸೋ ಕೆಲಸ ಕಲೀತಿದ್ದ ಹೊಸದರಲ್ಲಿ ನನಗೆ ಹೇಳಿಕೊಟ್ಟಿದ್ದು ಇಷ್ಟೇ, ಒಂದು ಹನಿ ಡೈಲ್ಯೂಟ್ ಹೈಡ್ರೋಕ್ಲೋರಿಕ್ ಆಸಿಡ್ ಬಿಡು, ಬುಸ್ ಅಂತ ನೊರೆ ಬಂದ್ರೆ ಕಾರ್ಬೊನೇಟ್ (ಸುಣ್ಣಕಲ್ಲಿನ ಥರದ್ದು), ಬರ್ಲಿಲ್ಲ ಅಂದ್ರೆ ಅಲ್ಲ. ತುಂಬಾ ದಿನ ಹಾಗೇ ನಡೀತು. ಒಂದ್ಸಲ ತಿಳಿ ಬೂದು ಬಣ್ಣದ ಕಲ್ಲೊಂದಕ್ಕೆ ಹನಿ ಬಿಟ್ಟೆ, ಹನಿ ಸುಮ್ನೆ ಕೂತಿತ್ತು, ಒಂದು ಗುಳ್ಳೇನೂ ಕಾಣ್ಲಿಲ್ಲ, 'ಕಾರ್ಬೊನೇಟ್ ಅಲ್ಲ' ಅಂತ ಬರೆದು ಮುಂದೆ ಹೋದೆ. ಜೊತೆಗಿದ್ದ ಸೀನಿಯರ್ ಅದೇ ಕಲ್ಲನ್ನ ತಗೊಂಡು ಚಾಕು ತುದೀಲಿ ಕೆರೆದು, ಆ ಪುಡಿ ಮೇಲೆ ಹನಿ ಬಿಟ್ಟು, ನನ್ನ ಕೈಗೆ ಲೆನ್ಸ್ ಕೊಟ್ರು. ಸಣ್ಣ ಸಣ್ಣ ಗುಳ್ಳೆ ಮೆಲ್ಲಗೆ ಏಳ್ತಾ ಇತ್ತು. "ಡಾಲಮೈಟು ಇದು, ಕೆರೆದೇ ನೋಡ್ಬೇಕು" ಅಂದ್ರು.

ಅವತ್ತಿಂದ ಈ ನೊರೆ ಎಲ್ಲಿಂದ ಬರುತ್ತೆ ಅನ್ನೋದನ್ನ ಸರಿಯಾಗಿ ತಿಳ್ಕೊಳ್ಳೋಕೆ ಶುರು ಮಾಡಿದೆ. ಕ್ಯಾಲ್ಸೈಟ್ ಅಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣಕಲ್ಲು ಅಮೃತಶಿಲೆ ಎರಡರಲ್ಲೂ ಮುಖ್ಯವಾಗಿ ಇರೋದು ಅದೇ. ಆಸಿಡ್‌ನಲ್ಲಿರೋ ಹೈಡ್ರೋಜನ್ ಅಯಾನು ಕಾರ್ಬೊನೇಟ್‌ಗೆ ಅಂಟ್ಕೊಂಡು ಮೊದಲು ಬೈಕಾರ್ಬೊನೇಟ್ ಆಗುತ್ತೆ, ಇನ್ನೊಂದು ಬಂದು ಅಂಟಿದ್ರೆ ಕಾರ್ಬೊನಿಕ್ ಆಸಿಡ್, ಅದಂತೂ ಜಾಸ್ತಿ ಹೊತ್ತು ನಿಲ್ಲೋದಿಲ್ಲ, ಒಡೆದು ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಆಗುತ್ತೆ. ನಾವು ನೋಡೋ ಗುಳ್ಳೆ ಆ ಗ್ಯಾಸು. ಒಂದಷ್ಟು ಗ್ಯಾಸು ಹನಿಯಲ್ಲೇ ಕರಗುತ್ತೆ, ಹನಿಗೆ ಹಿಡಿಸೋದಕ್ಕಿಂತ ಬೇಗ ಹುಟ್ಟಿದ್ರೆ ಮಾತ್ರ ಗುಳ್ಳೆಯಾಗಿ ಹೊರಗೆ ಬರುತ್ತೆ. ನನಗೆ ಕಣ್ಣು ತೆರೆಸಿದ್ದು ಈ ವಿಷಯ, ಯಾಕಂದ್ರೆ ಗುಳ್ಳೆ ಕಾಣ್ಲಿಲ್ಲ ಅಂದ್ರೆ ರಿಯಾಕ್ಷನ್ನೇ ಇಲ್ಲ ಅಂತಲ್ಲ, ತುಂಬಾ ನಿಧಾನ ನಡೀತಿದೆ ಅಂತಲೂ ಇರ್ಬಹುದು. ಲೆಕ್ಕ ಹಾಕಿದ್ರೆ 100 ಗ್ರಾಂ ಶುದ್ಧ ಕ್ಯಾಲ್ಸೈಟಿಂದ 44 ಗ್ರಾಂ ಗ್ಯಾಸು ಬರುತ್ತೆ, ರೂಮ್ ಟೆಂಪರೇಚರ್‌ನಲ್ಲಿ ಸುಮಾರು 24 ಲೀಟರ್! ಮುಷ್ಟೀಲಿ ಹಿಡಿಯೋ ಅಷ್ಟು ಕಲ್ಲಿನೊಳಗೆ ಒಂದು ಬಕೆಟ್ಟಿಗಿಂತ ಜಾಸ್ತಿ ಗಾಳಿ ಅಡಗಿದೆ ಅನ್ನೋದು ನನಗೆ ಇವತ್ತಿಗೂ ಆಶ್ಚರ್ಯ. 1750ರ ದಶಕದಲ್ಲಿ ಜೋಸೆಫ್ ಬ್ಲ್ಯಾಕ್ ಅನ್ನೋ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಇದೇ ಗ್ಯಾಸಿನ ಮೇಲೆ ಕೆಲಸ ಮಾಡಿ, ಅದು ಕಲ್ಲಲ್ಲಿ ಕಟ್ಟಿಹಾಕಿದ ಹಾಗೆ ಇರುತ್ತೆ ಅನ್ನೋ ಅರ್ಥದ 'ಫಿಕ್ಸ್ಡ್ ಏರ್' ಅನ್ನೋ ಹೆಸರನ್ನೇ ಬಳಸಿದ್ದರು, ಎಷ್ಟು ಸರಿಯಾದ ಹೆಸರು ನೋಡಿ.

ಇನ್ನು ಡಾಲಮೈಟ್. ಇದ್ರಲ್ಲಿ ಕ್ಯಾಲ್ಸಿಯಂ ಜೊತೆ ಮೆಗ್ನೀಸಿಯಂ ಕೂಡ ಒಂದು ಪದರ ಬಿಟ್ಟು ಒಂದು ಪದರ ಜೋಡಿಸಿಕೊಂಡಿರುತ್ತೆ, ಮೆಗ್ನೀಸಿಯಂ ಅಯಾನು ಚಿಕ್ಕದು, ಕಾರ್ಬೊನೇಟನ್ನ ಬಿಗಿಯಾಗಿ ಹಿಡ್ಕೊಂಡಿರುತ್ತೆ, ಹಾಗಾಗಿ ತಣ್ಣಗಿರೋ ಆಸಿಡ್‌ಗೆ ಬೇಗ ಬಿಟ್ಟುಕೊಡಲ್ಲ. ಕೆರೆದಾಗ ಖನಿಜ ಬದಲಾಗಲ್ಲ, ಪುಡಿಯಾಗಿ ಆಸಿಡ್‌ಗೆ ಸಿಗೋ ಮೈ ಎಷ್ಟೋ ಪಟ್ಟು ಜಾಸ್ತಿ ಆಗುತ್ತೆ ಅಷ್ಟೇ. ಮ್ಯಾಗ್ನಸೈಟ್ (ಮೆಗ್ನೀಸಿಯಂ ಕಾರ್ಬೊನೇಟ್), ಸಿಡೆರೈಟ್ (ಕಬ್ಬಿಣದ ಕಾರ್ಬೊನೇಟ್) ಇನ್ನೂ ಹಠಮಾರಿಗಳು, ಅವಕ್ಕೆ ಆಸಿಡ್ ಬೆಚ್ಚಗಿರ್ಬೇಕು. ಅದನ್ನ ಹೊಗೆ ಎಳ್ಕೊಳ್ಳೋ ವ್ಯವಸ್ಥೆ ಇರೋ ಲ್ಯಾಬಲ್ಲಿ ಬಿಟ್ಟು ಬೇರೆಲ್ಲೂ ನಾನು ಮಾಡಲ್ಲ.

ಇದರ ಉಲ್ಟಾ ತಪ್ಪೂ ಮಾಡಿದೀನಿ. ಒಣಗಿದ ಮರಳುಗಲ್ಲೊಂದು ನೊರೆ ಕೊಡ್ತು ಅಂತ ಸುಣ್ಣಕಲ್ಲು ಅಂದ್ಕೊಂಡೆ, ಆಮೇಲೆ ನೋಡಿದ್ರೆ ಮರಳಿನ ಕಣಗಳನ್ನ ಅಂಟಿಸಿ ಹಿಡಿದಿದ್ದ ಸಿಮೆಂಟು ಮಾತ್ರ ಕ್ಯಾಲ್ಸೈಟು, ಕಣಗಳೆಲ್ಲ ಬೆಣಚುಕಲ್ಲು. ಇನ್ನು ಕೆಲವು ಕಲ್ಲಲ್ಲಿ ತೂತಿನೊಳಗಿನ ಗಾಳಿ ಹೊರಗೆ ಬಂದೇ ಗುಳ್ಳೆ ಕಾಣುತ್ತೆ, ಅದಕ್ಕೇ ಈಗ ಪಕ್ಕದಲ್ಲಿ ಒಂದು ಹನಿ ಬರೀ ನೀರೂ ಬಿಡ್ತೀನಿ, ನೀರಲ್ಲೂ ಗುಳ್ಳೆ ಬಂದ್ರೆ ನಂಬಲ್ಲ.

ಆಸಿಡ್ 10 ಪರ್ಸೆಂಟಿನದು ಸಾಕು. ಡೈಲ್ಯೂಟ್ ಮಾಡುವಾಗ ನೀರಿಗೆ ಆಸಿಡ್ ಹಾಕ್ಬೇಕು, ಆಸಿಡ್‌ಗೆ ನೀರು ಹಾಕಿದ್ರೆ ಬಿಸಿಯಾಗಿ ಸಿಡಿಯುತ್ತೆ, ಕಣ್ಣಿಗೆ ಕನ್ನಡಕ ಇಲ್ದೆ ಬಾಟಲಿ ಮುಟ್ಟಲೇಬೇಡಿ. ಸಲ್ಫ್ಯೂರಿಕ್ ಬೇಡ, ಅದು ಮೊದಲು ಚೆನ್ನಾಗೇ ನೊರೆ ಕೊಟ್ಟು, ಆಮೇಲೆ ಜಿಪ್ಸಂ ಪದರ ಕಲ್ಲಿನ ಮೇಲೆ ಕೂತು ರಿಯಾಕ್ಷನ್ ನಿಧಾನ ಆಗ್ಬಿಡುತ್ತೆ. ಆಸಿಡ್ ಸಿಗದಿದ್ರೆ ವಿನೆಗರ್ ನಡೆಯುತ್ತೆ, ಅಸೆಟಿಕ್ ಆಸಿಡ್ ವೀಕ್ ಆದ್ರೂ ಕಾರ್ಬೊನಿಕ್ ಆಸಿಡ್‌ಗಿಂತ ಸ್ಟ್ರಾಂಗು, ಆದ್ರೆ ನಿಧಾನ, ಲೆನ್ಸ್ ಹಿಡಿದು ಕಾಯ್ಬೇಕು. ನೋಡಿದ ಮೇಲೆ ಕಲ್ಲನ್ನ ನೀರಲ್ಲಿ ತೊಳೆದು ಒರೆಸಿಡಿ, ಇಲ್ಲಾಂದ್ರೆ ಬ್ಯಾಗಲ್ಲಿರೋ ಚಾಕು ಲೇಬಲ್ಲು ಎಲ್ಲಾ ಹಾಳು.

ಈಗ ನನ್ನ ನೋಟ್‌ಬುಕ್ಕಲ್ಲಿ 'ಹೌದು', 'ಇಲ್ಲ' ಅಂತ ಬರೆಯೋದು ಬಿಟ್ಟಿದೀನಿ. ಆ ಬೂದು ಕಲ್ಲಿನ ಸಾಲನ್ನೂ ತಿದ್ದಿ ಬರೆದೆ: ಕೆರೆಯೋ ಮುಂಚೆ ಏನೂ ಇಲ್ಲ, ಕೆರೆದ ಮೇಲೆ ಮೆಲ್ಲಗೆ, ಲೆನ್ಸಲ್ಲಿ ಮಾತ್ರ ಕಾಣುತ್ತೆ, ನೀರಿನ ಹನಿಯಲ್ಲಿ ಗುಳ್ಳೆ ಇಲ್ಲ.