ಕಿಲೋಮೀಟರ್ ಮಾರಿ ಕೂಡಿಸಿದ ದೇಣಿಗೆ

"ಮಾರಾಯ್ರೇ, ಓಡುವುದು ನೀವು, ದುಡ್ಡು ನಾನ್ಯಾಕೆ ಕೊಡಬೇಕು?" ಎಂದು ಮುಂಬಯಿಯ ಮಾಟುಂಗದ ಹೋಟೆಲ್ ಮಾಲೀಕರೊಬ್ಬರು ಗಲ್ಲಾಪೆಟ್ಟಿಗೆಯ ಬಳಿ ಕೂತೇ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಹಾಜ್‌ಕಿನ್ ಲಿಂಫೋಮಾ ಎಂಬ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರಿಗೆ ಹದಿನೈದು ದಿನಕ್ಕೊಂದರಂತೆ 12 ಕೀಮೋ ಮುಗಿಸಿ, ಅದರಲ್ಲಿನ ಬ್ಲಿಯೋಮೈಸಿನ್ ಔಷಧ ಶ್ವಾಸಕೋಶವನ್ನು ಕೆಡಿಸಿಲ್ಲವೆಂದು ಖಚಿತವಾದ ಮೇಲೆ ಓಟಕ್ಕೆ ಮರಳಿದವನು ನಾನು. ಈ ಕಥೆಯೇ ಸಾಕೆಂದು ನಂಬಿ ಮೊದಲ ವರ್ಷ ಕ್ಯಾನ್ಸರ್ ಸಂಶೋಧನೆಗೆ ದೇಣಿಗೆ ಕೇಳಿ ಸುಮಾರು 600 ಮಂದಿಗೆ ವಾಟ್ಸಾಪ್‌ನಲ್ಲಿ ಬರೆದೆ. ಕೈಮುಗಿದ ಚಿತ್ರಗಳು ರಾಶಿ ಬಿದ್ದವು. ಹಣ 11,000 ದಾಟಲಿಲ್ಲ.

ಎರಡನೆಯ ವರ್ಷ 31,000 ರೂಪಾಯಿ ಸುರಿದು 120 ಟೀ ಶರ್ಟ್ ಅಚ್ಚು ಹಾಕಿಸಿದೆ. ಹಾಕಿದ ಬಂಡವಾಳವೂ ಹುಟ್ಟಲಿಲ್ಲ. ನಲವತ್ತರಷ್ಟು ಈಗಲೂ ಡೊಂಬಿವಲಿಯ ಮನೆಯಲ್ಲಿ ಮಂಚದಡಿ ಇವೆ. ಐದು ಹೋಟೆಲುಗಳಲ್ಲಿ ಹುಂಡಿ ಇಟ್ಟದ್ದರಿಂದ ಮೂರು ತಿಂಗಳಲ್ಲಿ ಆರು ಸಾವಿರವೂ, ಒಂದಿಷ್ಟು ಹರಿದ ನೋಟುಗಳೂ ಸಿಕ್ಕವು. ದೊಡ್ಡ ಮೊತ್ತ ಕೊಡಬಲ್ಲವರು ನಗದು ಎಂದೊಡನೆ ಹಿಂದೆ ಸರಿಯುತ್ತಿದ್ದರು, ಏಕೆಂದರೆ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆಯಲ್ಲಿ 80ಜಿ ವಿನಾಯಿತಿ ಸಿಗುತ್ತಿರಲಿಲ್ಲ.

ಮೂರನೆಯ ವರ್ಷ ಮುಂಬಯಿ ಮ್ಯಾರಥಾನಿನ ನನ್ನ 42 ಕಿಲೋಮೀಟರುಗಳನ್ನು ಬಿಡಿಬಿಡಿಯಾಗಿ ಮಾರಿದೆ. ಸಮತಟ್ಟಾದ ಕಿಲೋಮೀಟರಿಗೆ 5,000, ಪೆಡ್ಡರ್ ರಸ್ತೆಯ ಏರು ಸೇರಿದ ಮೂರಕ್ಕೆ ತಲಾ 10,000. ಹಣ ಓಟಕ್ಕೆ ಮೊದಲೇ ಕೊಂಡವರಿಂದ ನೇರವಾಗಿ ದೇಣಿಗೆ ಪಡೆಯುವ ಸಂಸ್ಥೆಯ ಖಾತೆಗೆ ಹೋಗಬೇಕು, ರಶೀದಿ ಅವರ ಹೆಸರಿಗೇ ಬರಬೇಕು. ಆ ಕಿಲೋಮೀಟರಿನಲ್ಲಿ ನಾನು ಅವರ ಹೆಸರು ಕೂಗಿ, ಧ್ವನಿಮುದ್ರಿಸಿ ಕಳುಹಿಸಬೇಕು. "ಓಡುವವನು ಹರಾಜು ಕೂಗುವುದುಂಟೇ?" ಎಂದು ಜೊತೆಯ ಓಟಗಾರರು ನಕ್ಕರು. ಅದೇ ಮಾಟುಂಗದ ಮಾಲೀಕರು ಮಾತ್ರ ಸೀ ಲಿಂಕ್ ಸೇತುವೆಯ ಮೇಲಿನ ಎರಡು ಕಿಲೋಮೀಟರ್ ತನಗೇ ಬೇಕೆಂದು ಹಟ ಹಿಡಿದರು.

ಸಂಶೋಧನೆಗೆ ಕೊಟ್ಟದ್ದು ಕಣ್ಣಿಗೆ ಕಾಣುವುದಿಲ್ಲವೆಂಬ ತಕರಾರಿಗೆ, ಪೊವಾಯಿಯ ಐಐಟಿ ಮತ್ತು ಟಾಟಾ ಮೆಮೋರಿಯಲ್ ಸೆಂಟರ್ ಸೇರಿ ರೂಪಿಸಿದ, ರೋಗಿಯದೇ ರಕ್ತದಲ್ಲಿರುವ ರೋಗನಿರೋಧಕ ಟಿ ಜೀವಕೋಶಗಳನ್ನು ಮಾರ್ಪಡಿಸಿ ಕ್ಯಾನ್ಸರಿನ ಮೇಲೆ ಬಿಡುವ ಕಾರ್-ಟಿ ಚಿಕಿತ್ಸೆಯನ್ನು ತೋರಿಸುತ್ತಿದ್ದೆ. ಅದನ್ನು 2024ರ ಏಪ್ರಿಲಿನಲ್ಲಿ ರಾಷ್ಟ್ರಪತಿಗಳು ಲೋಕಾರ್ಪಣೆ ಮಾಡಿದ ಸುದ್ದಿಯನ್ನು ಅನೇಕರು ಓದಿದ್ದರು. ಹಾಗಾಗಿ ಖಾರ್ಘರ್‌ನಲ್ಲಿರುವ ಟಾಟಾ ಮೆಮೋರಿಯಲ್ ಸೆಂಟರಿನ ಪ್ರಯೋಗಾಲಯಗಳ ಬಗ್ಗೆ ಹೆಚ್ಚು ವಿವರಿಸಬೇಕಾಗಲಿಲ್ಲ. ಹೋಟೆಲ್ ಮಾಲೀಕರನ್ನು ಯಾವ ಹೊತ್ತಿಗೆ ಕಾಣಬೇಕೆಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ. ಮುಂದಿನ ಜನವರಿಯ ಓಟಕ್ಕೆ ಅದು ನನಗೇ ಬೇಕು.

ಓಟದ ದಿನದ ಎಡವಟ್ಟು ಬೇರೆಯದು. ಕೀಮೋದ ಇನ್ನೊಂದು ಔಷಧ ವಿನ್‌ಬ್ಲಾಸ್ಟಿನ್ ಬಿಟ್ಟುಹೋದ ಜೋಮು ನನ್ನ ಬೆರಳ ತುದಿಗಳಲ್ಲಿ ಇನ್ನೂ ಇದೆ. ಬೆವರೂ ಸೇರಿ ಮೊಬೈಲಿನ ಪರದೆ ಮೂರನೆಯ ಕಿಲೋಮೀಟರಿಗೇ ಮಾತು ಕೇಳದಾಯಿತು. ಅಲ್ಲಿಂದ ಮುಂದೆ ಧ್ವನಿಮುದ್ರಣವನ್ನು ನಿಲ್ಲಿಸದೆ ಓಡಿದೆ. ಸಂಜೆ ಕೂತು ಕತ್ತರಿಸಿ ಕಳುಹಿಸಿದೆ. ಓಟಗಾರರು ಶಕ್ತಿಗೆಂದು ತಿನ್ನುವ ಜೆಲ್ ಬದಲು ಬೆಲ್ಲ, ನೆಲಗಡಲೆಯ ಉಂಡೆ ತಿಂದು ನೋಡಿದ್ದೂ ಅಂದೇ. ಹೊಟ್ಟೆಗೆ ಒಗ್ಗಿತು, ಆದರೆ ಬಾಯಿತುಂಬ ಉಂಡೆಯಿದ್ದುದರಿಂದ 28ನೆಯ ಕಿಲೋಮೀಟರಿನವರ ಹೆಸರು ಅವರಿಗೇ ಗುರುತು ಸಿಗಲಿಲ್ಲ.

ಕಿಲೋಮೀಟರುಗಳಿಂದಲೇ ಸುಮಾರು 2.25 ಲಕ್ಷ ರೂಪಾಯಿ ಸೇರಿತು. ಮ್ಯಾರಥಾನಿನಲ್ಲಿ 42 ಕಿಲೋಮೀಟರಿನ ಮೇಲೆ ಮಿಕ್ಕಿದ್ದ 195 ಮೀಟರುಗಳನ್ನು ಮೀಟರಿಗೊಂದು ರೂಪಾಯಿಯಂತೆ 23 ಮಂದಿ ಮಾಣಿಗಳಿಗೆ ಮಾರಿದ್ದೆ, ಪ್ರತಿಯೊಬ್ಬನಿಗೂ ಅದೇ 195 ಮೀಟರ್. ಗೆರೆ ದಾಟಿದಾಗ ಇನ್ನೂ ಆರು ಹೆಸರು ಉಳಿದಿದ್ದವು. ಅವನ್ನು ಪದಕ ಕೊಡುವ ಹುಡುಗಿಯ ಎದುರು ನಿಂತು ಕೂಗಿ ಮುಗಿಸಿದೆ.