ಇಟ್ಟಿಗೆ ಶಿಖರದ ಸಿಮೆಂಟ್ ಬಿಡಿಸಿ ಗಾರೆ ತುಂಬಿದ್ದು

ಹಂಪಿಗೆ ಬಂದವರು ಕಲ್ಲು ನೋಡುತ್ತಾರೆ. ನನಗೆ ಜಾಸ್ತಿ ಕೆಲಸ ಕೊಟ್ಟಿದ್ದು ಇಟ್ಟಿಗೆ. ವಿಜಯನಗರದ ಕಾಲದ ಎಷ್ಟೋ ಗುಡಿಗಳಲ್ಲಿ ಕೆಳಗಿನದೆಲ್ಲ ಗ್ರಾನೈಟ್, ಮೇಲಿನ ಶಿಖರ ಮಾತ್ರ ಇಟ್ಟಿಗೆ ಮತ್ತು ಸುಣ್ಣದ ಗಾರೆ. ಗ್ರಾನೈಟ್ ನೀರು ಕುಡಿಯುವುದು ತೀರಾ ಕಡಿಮೆ. ಇಟ್ಟಿಗೆ ಮಳೆಯಲ್ಲಿ ಕುಡಿಯುತ್ತದೆ, ಬಿಸಿಲಲ್ಲಿ ಬಿಡುತ್ತದೆ. ಹಾಗೆ ಬಿಡಲು ದಾರಿ ಇರಬೇಕು, ಅಷ್ಟೇ.

ನಾವು ಕೈಗೆತ್ತಿಕೊಂಡ ಸಣ್ಣ ಗುಡಿಯ ಶಿಖರದಲ್ಲಿ ಆ ದಾರಿಯನ್ನೇ ಮುಚ್ಚಿದ್ದರು. ಹಿಂದೆ ಯಾರೋ ಸಂದುಗಳಿಗೆಲ್ಲ ಸಿಮೆಂಟ್ ಮೆತ್ತಿದ್ದರು. ಸಿಮೆಂಟ್ ಒಂದಿಷ್ಟೂ ಅಲುಗಿರಲಿಲ್ಲ. ಅದರ ಪಕ್ಕದ ಹಳೇ ಇಟ್ಟಿಗೆಗಳು ಮಾತ್ರ ಪುಡಿಯಾಗಿ ಒಳಕ್ಕೆ ಸವೆದಿದ್ದವು. ಬೆರಳಿಟ್ಟರೆ ಕೆಂಪು ಹುಡಿ, ಅದರ ಮೇಲೆ ಬಿಳೀ ಉಪ್ಪಿನ ಪದರ. ಸಂದಿಯಲ್ಲಿ ಹೊರಬರಲಾಗದ ನೀರು ಇಟ್ಟಿಗೆಯ ಮೈಯಿಂದಲೇ ಆರಬೇಕು. ಜೊತೆಗೆ ಬಂದ ಉಪ್ಪು ಅಲ್ಲೇ ಹರಳುಗಟ್ಟಿ ಇಟ್ಟಿಗೆಯನ್ನು ಒಡೆಯುತ್ತದೆ. ಆ ಉಪ್ಪಿನಲ್ಲಿ ಸಿಮೆಂಟ್ ತಾನೇ ತಂದದ್ದೂ ಇರುತ್ತದೆ. ಸಂದಿನ ಗಾರೆ ಯಾವತ್ತೂ ಇಟ್ಟಿಗೆಗಿಂತ ಮೆತ್ತಗಿರಬೇಕು. ಸವೆದರೆ ಗಾರೆ ಸವೆಯಲಿ, ಅದನ್ನು ಮತ್ತೆ ತುಂಬಬಹುದು. ಆ ಕಾಲದ ಇಟ್ಟಿಗೆಯನ್ನು ಎಲ್ಲಿಂದ ತರುವುದು?

ಸಿಮೆಂಟ್ ಬಿಡಿಸಲು ಕಲ್ಲು ಕೊಯ್ಯುವ ಗ್ರೈಂಡರ್ ಯಂತ್ರ ಮುಟ್ಟಲಿಲ್ಲ. ಸಣ್ಣ ಉಳಿ, ಹಗುರ ಸುತ್ತಿಗೆ. ಉಳಿಯನ್ನು ಸಂದಿನ ನಡುವೆ, ಅದರ ಉದ್ದಕ್ಕೇ ಹಿಡಿಯಬೇಕು. ಇಟ್ಟಿಗೆಯ ಅಂಚಿಗೆ ಒತ್ತಿದರೆ ಅಂಚೇ ಎದ್ದು ಬರುತ್ತದೆ. ಎಲ್ಲಿ ಸಿಮೆಂಟ್ ಬಿಡಿಸಿದರೆ ಇಟ್ಟಿಗೆಯೂ ಬರುತ್ತದೆ ಅನ್ನಿಸಿತೋ ಅಲ್ಲಿ ಹಾಗೇ ಬಿಟ್ಟು, ನಕ್ಷೆಯಲ್ಲಿ ಗುರುತು ಹಾಕಿದೆವು.

ಸಂದಿನ ಆಳದಲ್ಲಿ ಮೂಲ ಗಾರೆ ಸಿಕ್ಕಿತು. ಭೂತಗನ್ನಡಿ ಹಿಡಿದು ನೋಡಿದರೆ ಅದರಲ್ಲಿ ಸರಿಯಾಗಿ ಬೆರೆಯದ ಸುಣ್ಣದ ಬಿಳೀ ಉಂಡೆಗಳು, ಇಟ್ಟಿಗೆ ಪುಡಿ, ಅಲ್ಲೊಂದು ಇಲ್ಲೊಂದು ಇದ್ದಿಲ ಚೂರು. ಇದ್ದಿಲು ಬಹುಶಃ ಸುಣ್ಣದ ಗೂಡಿನ ಸೌದೆಯದು. ಆ ಗಾರೆಯ ಒಂದು ಚೂರನ್ನು ಮೆಲ್ಲಗೆ ಪುಡಿ ಮಾಡಿ, ತೂಕ ಬರೆದಿಟ್ಟು, ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕಿದೆವು. ಸುಣ್ಣ ನೊರೆಯೆದ್ದು ಕರಗಿತು. ತಳದಲ್ಲಿ ಉಳಿದ ಮರಳು, ಇಟ್ಟಿಗೆ ಪುಡಿಯನ್ನು ತೊಳೆದು, ಒಣಗಿಸಿ, ಜರಡಿ ಹಿಡಿದು, ಮತ್ತೆ ತೂಗಿದೆವು. ಹೊಸ ಗಾರೆಯ ಅಳತೆ ಇದರಿಂದಲೇ ಬಂತು. ಮರಳಿನಲ್ಲಿ ಸುಣ್ಣಕಲ್ಲಿನ ಚೂರಿದ್ದರೆ ಅದೂ ಕರಗಿಬಿಡುತ್ತದೆ, ಲೆಕ್ಕ ತಪ್ಪುತ್ತದೆ. ಹಾಗಾಗಿ ಕಣ್ಣಿನ ಪರೀಕ್ಷೆ ಮೊದಲು, ಆಮ್ಲ ಆಮೇಲೆ.

ಸುಟ್ಟ ಸುಣ್ಣವನ್ನು ನಾವೇ ಅರಳಿಸಿದೆವು. ನೀರಿಗೆ ಸುಣ್ಣ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಕೊತಕೊತ ಕುದಿದು ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಇಲ್ಲದೆ ಯಾರನ್ನೂ ಹತ್ತಿರ ಬಿಡಲಿಲ್ಲ. ಸೋಸಿದ ಸುಣ್ಣವನ್ನು ನೀರಿನಡಿಯಲ್ಲಿ ವಾರಗಟ್ಟಲೆ ಇಟ್ಟೆವು. ಮೇಲೆ ನೀರಿದ್ದರೆ ಗಾಳಿ ತಾಗದು, ಗಟ್ಟಿಯಾಗದು. ಎಷ್ಟು ದಿನ ಇಟ್ಟರೆ ಅಷ್ಟು ನುಣುಪು.

ಹಿಂದೆ ಗಾರೆಗೆ ಬೆರೆಸುತ್ತಿದ್ದ ಬೆಲ್ಲ, ಅಳಲೆಕಾಯಿ ನೀರಿನ ವಿಷಯ ಎಲ್ಲರೂ ಕೇಳುತ್ತಾರೆ. ಮೊಟ್ಟೆ ಹಾಕ್ತೀರಾ ಅಂತಲೂ ಕೇಳುತ್ತಾರೆ! ಮೊಟ್ಟೆ ಹಾಕಲಿಲ್ಲ. ಅಳಲೆಕಾಯಿ ನೆನೆಸಿದ ನೀರಿಗೆ ಸ್ವಲ್ಪವೇ ಬೆಲ್ಲ ಸೇರಿಸಿದೆವು. ಬೆಲ್ಲ ಜಾಸ್ತಿಯಾದರೆ ಗಾರೆ ಬೇಗ ಬಿಗಿಯುವುದಿಲ್ಲ, ಇರುವೆಗಳೂ ಬರುತ್ತವೆ. ನನ್ನನ್ನು ಕೇಳಿದರೆ, ಈ ಗುಟ್ಟಿನ ಪದಾರ್ಥಗಳಿಗಿಂತ ಚೆನ್ನಾಗಿ ಅರೆಯುವುದು, ಕಡಿಮೆ ನೀರು ಹಾಕುವುದು ಮುಖ್ಯ.

ಹೊಸಪೇಟೆ ಕಡೆಯ ಮೇಸ್ತ್ರಿಗೆ ಇದೆಲ್ಲ ಹಿಡಿಸಲಿಲ್ಲ. "ಸರ್, ಸಿಮೆಂಟ್ ಆದ್ರೆ ನಾಳೆಗೇ ಗಟ್ಟಿ ಆಗ್ತೈತ್ರಿ" ಅಂದರು. ಆಗುತ್ತದೆ, ತೊಂದರೆ ಇರುವುದೇ ಅಲ್ಲಿ ಅಲ್ವಾ? ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಅದಕ್ಕೆ ಹಸಿ ಬೇಕು. ಆ ಕಡೆಯ ಬಿಸಿಲಿಗೆ ಸುಮ್ನೆ ಬಿಟ್ಟರೆ ಮಧ್ಯಾಹ್ನದೊಳಗೆ ಒಣಗಿ ಬಿರುಕು. ಇಟ್ಟಿಗೆಯನ್ನು ಮೊದಲೇ ನೆನೆಸಿ, ಕರಣೆಯಲ್ಲಿ ಗಾರೆಯನ್ನು ಆಳಕ್ಕೆ ಒತ್ತಿ ತುಂಬಿ, ಮೇಲೆ ಒದ್ದೆ ಗೋಣಿ ಇಳಿಬಿಟ್ಟೆವು. ಗೋಣಿಗೆ ನೀರು ಚಿಮುಕಿಸಲೆಂದೇ ಒಬ್ಬರನ್ನು ನಿಲ್ಲಿಸಿದ್ದೆವು. ಸಂಬಳ ದಂಡ ಅಂತ ಆಡಿಕೊಂಡವರೂ ಇದ್ದರು.

ಹೊಸ ಗಾರೆಯನ್ನು ಇಟ್ಟಿಗೆಯ ಮುಖಕ್ಕಿಂತ ತುಸು ಒಳಗೇ ನಿಲ್ಲಿಸಿದ್ದೇವೆ. ದೂರಕ್ಕೆ ಗೊತ್ತಾಗದು, ಹತ್ತಿರ ಬಂದರೆ ಯಾವುದು ಹಳೆಯದು, ಯಾವುದು ನಮ್ಮದು ಅಂತ ತಿಳಿಯುತ್ತದೆ. ಬಣ್ಣ ಹಚ್ಚಿ ಹಳೆಯದರಂತೆ ಮಾಡಿ ಅಂದವರಿಗೆ ಬೇಡ ಅಂದೆವು. ಈಗ ಪ್ರತಿ ಮಳೆಗಾಲ ಮುಗಿದ ಮೇಲೆ ಹೋಗಿ ಅದೇ ಜಾಗಗಳ ಫೋಟೋ ತೆಗೆಯುತ್ತೇವೆ. ಗಾರೆ ಅಲ್ಲಲ್ಲಿ ಸವೆಯಲು ಶುರುವಾಗಿದೆ. ಇಟ್ಟಿಗೆಯ ಹುಡಿ ಉದುರುವುದು ಕಡಿಮೆಯಾಗಿದೆ. ಹಾಗೇ ಬಿಟ್ಟ ಸಿಮೆಂಟ್ ಸಂದುಗಳ ಪಕ್ಕದಲ್ಲಿ ಮಾತ್ರ ಇನ್ನೂ ಉದುರುತ್ತಲೇ ಇದೆ.