ಅಡ್ಡಹೆಸರಿನ ಮೂಲ ಹುಡುಕುವುದು ಹೇಗೆ: ದಾವಣಗೆರೆ, ಚಿತ್ರದುರ್ಗದ ಕಡೆಯವರಿಗೆ

ಬಡಿಗೇರ, ಅಂಗಡಿ, ನೀರಗಂಟಿ ಅಂದರೆ ಏನೆಂದು ಎಲ್ಲರಿಗೂ ಗೊತ್ತು. ಆ ಹೆಸರು ನಿಮ್ಮ ಮನೆತನಕ್ಕೆ ಯಾವ ಊರಲ್ಲಿ, ಯಾರ ಕಾಲಕ್ಕೆ ಬಂತು ಎಂಬುದನ್ನು ಮಾತ್ರ ಹುಡುಕಿಯೇ ತಿಳಿಯಬೇಕು.

ಮೊದಲು ಮನೆಯ ಟ್ರಂಕು ತೆಗೆಯಿರಿ. ಅಜ್ಜನ ಕ್ರಯಪತ್ರ, ಕಂದಾಯದ ರಸೀದಿ, ಕೈಬರಹದ ಪಹಣಿ ಏನು ಸಿಕ್ಕರೂ ಹೆಸರನ್ನು ಇದ್ದ ಹಾಗೇ, ಒಂದಕ್ಷರವೂ ತಿದ್ದದೆ, ಇಸವಿ ಸಮೇತ ಬರೆದುಕೊಳ್ಳಿ. ಹಳೇ ಮೈಸೂರಿನ ಕಾಗದಗಳಲ್ಲಿ ‘ತಿಮ್ಮಪ್ಪ ಬಿನ್ ರಂಗಪ್ಪ’ ಎಂದಿದ್ದರೆ ರಂಗಪ್ಪ ತಂದೆ. ‘ಕೋಂ’ ಎಂದಿದ್ದರೆ ಮುಂದಿನದು ಗಂಡನ ಹೆಸರು. ಇವನ್ನೇ ಅಡ್ಡಹೆಸರೆಂದು ಓದಿ ದಾರಿ ತಪ್ಪುವವರು ಬಹಳ. ಶಾಲೆಯ ದಾಖಲಾತಿಯನ್ನು ಕೊನೆಗೆ ನೋಡಿದರಾಯಿತು, ಅಲ್ಲಿ ಎಷ್ಟೋ ಸಲ ಬರೀ ಇನಿಷಿಯಲ್ ಉಳಿದಿರುತ್ತದೆ.

ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ. ಹರಪನಹಳ್ಳಿ ಬಳ್ಳಾರಿಗೆ ಸೇರಿತ್ತು, 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು; ಈಗ ಅದು ವಿಜಯನಗರ ಜಿಲ್ಲೆಯಲ್ಲಿದೆ. ಹಳೆಯ ಕಾಗದ ಹುಡುಕುವಾಗ ಇದು ನೆನಪಿರಲಿ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕುವಾಗ ಊರು, ಹೋಬಳಿ, ಸರ್ವೆ ನಂಬರ್ ಬರೆಯಿರಿ. ಬರೀ ಮನೆತನದ ಹೆಸರು ಕೊಟ್ಟರೆ ಏನೂ ಸಿಗದು, ಜಮೀನಿನ ಕಡತ ಇಟ್ಟಿರುವುದು ಊರು ಮತ್ತು ಸರ್ವೆ ನಂಬರಿನ ಮೇಲೆ.

ತಳವಾರ, ತೋಟಿ, ನೀರಗಂಟಿಯಂಥ ಹೆಸರಾದರೆ ಇನಾಂ ಜಮೀನಿನ ಜಾಡು ಹಿಡಿಯಿರಿ. ಊರಿನ ಸೇವೆಗೆಂದು ಇವರಿಗೆ ಜಮೀನು ಬಿಡುತ್ತಿದ್ದರು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆಯಡಿ ಅಂಥ ಜಮೀನು ಹುದ್ದೆಯಲ್ಲಿದ್ದವರಿಗೇ ಮರುಮಂಜೂರಾಯಿತು. ಆ ಆದೇಶದ ನಕಲು ಸಿಕ್ಕರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ನೀರಗಂಟಿ ಎಂದರೆ ಕೆರೆಯ ತೂಬು ಎತ್ತಿ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದವರು. ಈಗಿರುವ ಊರಿಗೆ ಕೆರೆಯೇ ಇಲ್ಲವೆಂದರೆ ಮನೆತನ ಬೇರೆ ಕಡೆಯಿಂದ ಬಂದಿರಬೇಕು.

ಇಷ್ಟಾದ ಮೇಲೆ ನಿಮ್ಮ ಮನೆತನದ ಹೆಳವರನ್ನು ಕೇಳಿ. ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಬಂದು ವಂಶಾವಳಿ ಹೇಳುವ ಇವರಲ್ಲಿ ಮೂಲದ ಊರು, ಬೆಡಗು (ಕುಲದೊಳಗಿನ ಬಳಿ), ಕವಲೊಡೆದ ಮನೆಗಳ ಲೆಕ್ಕ ಇರುತ್ತದೆ. ಬೇರೆಲ್ಲೂ ಬರೆದಿಡದ ಸಂಗತಿಗಳಿವು, ಗೌರವದಿಂದ ಕೂರಿಸಿ ಕೇಳಬೇಕು, ದವಸ ಕಾಣಿಕೆ ಕೊಡಬೇಕು. ನಿಮ್ಮ ಊಹೆಯನ್ನು ಮೊದಲೇ ಬಾಯಿಬಿಟ್ಟರೆ ಮಾತು ಅದರ ಕಡೆಗೇ ವಾಲುತ್ತದೆ. ಅಜ್ಜನ ಹೆಸರಷ್ಟೇ ಹೇಳಿ ಸುಮ್ಮನಿರಿ. ಒಪ್ಪಿದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಅವರು ಹೇಳಿದ ಹೆಸರುಗಳನ್ನು ಕ್ರಯಪತ್ರದ ‘ಬಿನ್’ ಜೊತೆ ತಾಳೆ ನೋಡಿ. ಎರಡು ತಲೆಮಾರಾದರೂ ಹೊಂದದಿದ್ದರೆ ಅದು ಅದೇ ಅಡ್ಡಹೆಸರಿನ ಬೇರೆ ಮನೆ ಇರಬಹುದು, ಮತ್ತೆ ವಿಚಾರಿಸಿ.